ಕೊಕ್ಕರೆಗಳಿಗೆ ಹೆಸರಿಟ್ಟವನು

ಮಗ ಬೀರುವಿಗೆ ಮೊಣಕಾಲು ಒತ್ತಿ, ಹಿಡಿಕೆಯನ್ನು ಮೂರನೆಯ ಸಲ ಎಳೆದ. ಬಾಗಿಲು ಜಗ್ಗಲಿಲ್ಲ. ಒಳಗಿದ್ದದ್ದು ಅಪ್ಪನ ಬೂದು ಕೋಟು. ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ ಅಪ್ಪನಿಗೆ ಅದನ್ನು ತೊಡಿಸಬೇಕಿತ್ತು. ಮನೆಯ ಡಬ್ಬಿ, ಡ್ರಾಯರು, ಗೋಡೆಯ ಮೊಳೆ ಎಲ್ಲ ಸೇರಿ ಮುನ್ನೂರು ಕೀಲಿಗಳಾದರೂ ಇದ್ದವು, ಅದರಲ್ಲಿ ಒಂದೂ ಈ ಬೀರುವಿನದಲ್ಲ. ಐವತ್ತು ವರ್ಷ ಊರಿನವರ ಬೀಗ ತೆಗೆದುಕೊಟ್ಟವನ ಮನೆಯಲ್ಲಿ, ಅವನನ್ನು ಕಳಿಸಿಕೊಡುವ ದಿನ, ಅವನದೇ ಬೀರು ತೆಗೆಯಲು ಬರುತ್ತಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಸೊಸೆ ಬಾಗಿಲ ಬಳಿ ನಿಂತಿದ್ದಳು.

ಸುತ್ತಿಗೆ ತಂದು ಒಡೆದುಬಿಡಲೇ ಎಂದು ಮಗ ಕೇಳಿದ.

"ಅವರ ಬೀಗಕ್ಕೆ ಸುತ್ತಿಗೆ ಹಾಕ್ತೀಯಾ? ಎದ್ದು ಬಂದು ನಿನ್ನ ಕಿವಿ ಹಿಂಡ್ತಾರೆ," ಎಂದಳು ತಾಯಿ. "ಹೋಗಿ ಛತ್ರಿಯವನ್ನ ಕರಕೊಂಡು ಬಾ."

ಛತ್ರಿಯವನೆಂದರೆ ಅಪ್ಪನ ಬೀಗದಂಗಡಿಯ ಪಕ್ಕದಲ್ಲೇ ಛತ್ರಿ ರಿಪೇರಿ ಮಾಡುವವನು. ಎರಡು ಅಂಗಡಿಗಳ ನಡುವೆ ಇದ್ದದ್ದು ಒಂದು ಹಲಗೆಗೋಡೆ. ಮಾತಿಗೆ ಅನುಕೂಲವಾಗಲೆಂದು ಅದರಲ್ಲೂ ಒಂದು ಹಲಗೆಯನ್ನು ಇಬ್ಬರೂ ಸೇರಿ ಕಿತ್ತುಹಾಕಿದ್ದರು. ಅವನು ಬಂದ, ಜೇಬಿನಿಂದ ಛತ್ರಿಯ ಕಡ್ಡಿಯೊಂದನ್ನು ತೆಗೆದು ತುದಿ ಬಗ್ಗಿಸಿದ, ಕೀಲಿಯ ಕಂಡಿಯೊಳಗೆ ಹಾಕಿ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಒದ್ದಾಡಿದ. ಟಕ್ಕೆಂದು ಸದ್ದಾಯಿತು. ಬಾಗಿಲನ್ನು ಅವನು ತೆರೆಯಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಯ ಕಡೆ ಮುಖ ಮಾಡಿ ನಿಂತ.

ಅದು ಬೀಗದವನ ಕ್ರಮ. ಯಾರ ಮನೆಯ ಯಾವ ಬೀಗ ತೆಗೆದರೂ ಅವನು ಹಾಗೆಯೇ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಒಳಗಿರುವುದನ್ನು ಮೊದಲು ನೋಡಬೇಕಾದವರು ಮನೆಯವರು, ಅವರಾಗಿ ಕರೆದರೆ ಮಾತ್ರ ತಾನು ತಿರುಗಬೇಕು ಎನ್ನುತ್ತಿದ್ದ. "ಅವನ ಹತ್ರ ಕಲಿತದ್ದು, ಅವನ ಹಾಗೇ ಮಾಡ್ಬೇಕಲ್ಲ," ಎಂದು ಛತ್ರಿಯವನು ಗೋಡೆಗೆ ಹೇಳಿದ.

ತಾಯಿ ಬೀರು ತೆರೆದು, ಕೋಟನ್ನು ಮಗನ ಕೈಗೆ ಕೊಟ್ಟು ಎಲ್ಲರನ್ನೂ ಹೊರಗೆ ಕಳಿಸಿದಳು. ಆಮೇಲೆ ಬೀರುವನ್ನು ಜಾಲಾಡಿದಳು. ಅಂಗಿಗಳ ಜೇಬು ನೋಡಿದಳು, ಹಲಗೆಯ ಮೇಲೆ ಹಾಸಿದ್ದ ಹಳೆಯ ಪೇಪರನ್ನು ಎತ್ತಿ ಅದರಡಿ ಕೈಯಾಡಿಸಿದಳು, ಇನ್ನೂ ಹಲ್ಲು ಕೊರೆಯದ ಕೀಲಿಗಳಿದ್ದ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದಳು. ಚಿನ್ನಕ್ಕಾಗಿ ಹುಡುಕುತ್ತಿರಲಿಲ್ಲ. ಒಂದು ಚೀಟಿ, ಒಂದು ಸಾಲು, ಏನಾದರೂ ಬರೆದಿಟ್ಟಿರಬಹುದೇ ಎಂಬ ಆಸೆ ಅಷ್ಟೆ. ನಲವತ್ತೊಂದು ವರ್ಷಗಳಿಂದ ಅವಳಿಗೆ ಗಂಡನಿಂದ ಒಂದೇ ಒಂದು ವಿಷಯ ತಿಳಿಯಬೇಕಿತ್ತು, ಅದನ್ನು ಕೇಳಲು ಬಾಯಿ ಬಂದಿರಲಿಲ್ಲ. ಇವತ್ತು ಸಂಜೆಯೊಳಗೆ ಅವನು ಮಣ್ಣಿಗೆ ಸೇರುತ್ತಾನೆ. ಬೀರುವಿನಲ್ಲಿ ನುಸಿಗುಳಿಗೆ ಬಿಟ್ಟರೆ ಏನೂ ಸಿಗಲಿಲ್ಲ.

* * *

ನಲವತ್ತೊಂದು ವರ್ಷದ ಹಿಂದೆ ಊರಿಗೆ ಒಂದು ವೃತ್ತಿಪರ ಬಾಸ್ಕೆಟ್‌ಬಾಲ್ ತಂಡ ಬಂದದ್ದೇ ದೊಡ್ಡ ಸುದ್ದಿ. ಅದಕ್ಕೆ ಮೊದಲು ಟ್ರಾಮ್ ಡಿಪೋದ ಕೆಲಸಗಾರರು ತಗಡಿನ ಶೆಡ್ಡಿನಲ್ಲಿ ಆಡುತ್ತಿದ್ದರು, ಚೆಂಡು ಜೋರಾಗಿ ಪುಟಿದರೆ ಮೇಲಿನಿಂದ ತುಕ್ಕು ಉದುರುತ್ತಿತ್ತು. ಅದೇ ತಂಡವನ್ನು ನಾಲ್ಕು ಜನ ವ್ಯಾಪಾರಿಗಳು ಸೇರಿ ಕೊಂಡುಕೊಂಡು, ಹೊರಗಿನಿಂದ ಉದ್ದುದ್ದ ಆಟಗಾರರನ್ನು ಕರೆಸಿ, ದೊಡ್ಡ ಲೀಗಿಗೆ ಸೇರಿಸಿದರು. ಎಲ್ಲ ಸರಿ, ಹೆಸರೇ ಇರಲಿಲ್ಲ. ಪೇಪರಿನವರು 'ನಮ್ಮೂರ ತಂಡ' ಎಂದು ಬರೆದೂ ಬರೆದೂ ಸಾಕಾಗಿ, ಕೊನೆಗೆ ಕ್ಲಬ್ಬಿನವರೊಂದಿಗೆ ಸೇರಿ ಒಂದು ಸ್ಪರ್ಧೆ ಇಟ್ಟರು. ಪೇಪರಿನಲ್ಲಿ ಅಚ್ಚಾದ ಚೀಟಿಯನ್ನು ಕತ್ತರಿಸಿ, ಶಾಯಿಯಲ್ಲಿ ಹೆಸರು ಬರೆದು, ಯಾಕೆ ಆ ಹೆಸರು ಎಂದು ಒಂದೇ ವಾಕ್ಯದಲ್ಲಿ ಹೇಳಿ ಅಂಚೆಗೆ ಹಾಕಬೇಕು. ಒಂದು ಮನೆಗೆ ಒಂದೇ ಚೀಟಿ.

ಬೀಗದವನು ಒಂದು ವಾರ ತಲೆ ಕೆರೆದುಕೊಂಡು 'ಉಕ್ಕಿನ ಸಿಂಹಗಳು' ಎಂದು ಬರೆದ. ಅವನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಆದರೂ ಉಸಿರು ಬಿಗಿ ಹಿಡಿದು ಬರೆದಿದ್ದ. ಬೆಳಗ್ಗೆ ಕೆಲಸಕ್ಕೆ ಹೊರಟಿದ್ದ ಹೆಂಡತಿಯ ಕೈಗೆ ಲಕೋಟೆ ಕೊಟ್ಟು, ಮರೆಯಬೇಡ ಎಂದು ಎರಡು ಸಲ ಹೇಳಿದ.

ಅವಳು ನೀರು ಸರಬರಾಜು ಕೇಂದ್ರದಲ್ಲಿದ್ದಳು. ಕೆಸರು ತಂಗುವ ನಾಲ್ಕು ದೊಡ್ಡ ತೊಟ್ಟಿಗಳು, ಅವುಗಳ ಅಂಚಿನಲ್ಲಿ ಒಂದು ಸಣ್ಣ ಗಾಜಿನ ಕೋಣೆ. ಗಂಟೆಗೊಮ್ಮೆ ಹೊರಗೆ ಹೋಗಿ ಮಟ್ಟಪಟ್ಟಿ ನೋಡಿ ನೀರು ಎಷ್ಟಿದೆಯೆಂದು ದಪ್ಪ ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ಹನ್ನೊಂದು ಗಂಟೆಯ ಅಳತೆಗೆ ಬಗ್ಗಿದಾಗ ಮೇಲಂಗಿಯ ಜೇಬಿನಿಂದ ಲಕೋಟೆ ಜಾರಿ ಎರಡನೇ ತೊಟ್ಟಿಗೆ ಬಿತ್ತು. ಜಾಲರಿ ಹಾಕಿ ಎತ್ತುವಷ್ಟರಲ್ಲಿ ಸಿಂಹಗಳು ನೀಲಿ ನೀರಾಗಿದ್ದವು.

ಕಾವಲುಗಾರನ ಪೇಪರಿನಲ್ಲಿ ಇನ್ನೊಂದು ಚೀಟಿ ಸಿಕ್ಕಿತು. ಕತ್ತರಿಸಿಕೊಂಡು ಕೋಣೆಗೆ ಬಂದು ಗಂಡನ ಹೆಸರು, ವಿಳಾಸ ಬರೆದಳು. ತಂಡದ ಹೆಸರಿನ ಜಾಗಕ್ಕೆ ಬಂದು ತಲೆಯೆತ್ತಿದಳು. ತೊಟ್ಟಿಯ ಅಂಚಿನಲ್ಲಿ ಕೊಕ್ಕರೆಗಳು ನಿಂತಿದ್ದವು, ದಿನಾ ನಿಲ್ಲುವಂತೆ. ಹತ್ತರ ಅಳತೆಯ ಹೊತ್ತಿಗೆ ಎಲ್ಲಿದ್ದವೋ ಹನ್ನೊಂದಕ್ಕೂ ಅಲ್ಲೇ. ಉದ್ದ ಕಾಲು, ಗಡಿಬಿಡಿ ಇಲ್ಲ, ಆಮೇಲೆ ಒಂದೇ ಕ್ಷಣದಲ್ಲಿ ಕೆಲಸ ಮುಗಿಸುವ ಕೊಕ್ಕು. ಊರಿನ ಅರ್ಧ ಜನ ಸಿಂಹ ಎಂದೇ ಬರೆದಿರುತ್ತಾರೆ ಎಂದು ಅವಳಿಗೆ ಅನ್ನಿಸಿತು. ಸಾವಿರಾರು ಚೀಟಿಗಳಲ್ಲಿ ಇದನ್ನು ಯಾರು ನೋಡುತ್ತಾರೆ ಎಂದೂ ಅನ್ನಿಸಿತು. 'ಕೊಕ್ಕರೆಗಳು' ಎಂದು ಬರೆದಳು. ಕೆಳಗೆ, 'ಓಡುವುದು ಎಲ್ಲರಿಗೂ ಬರುತ್ತದೆ, ನಿಂತು ಕಾಯುವುದು ಈ ಹಕ್ಕಿಗೆ ಬರುತ್ತದೆ' ಎಂದು ಸೇರಿಸಿದಳು. ಮನೆಗೆ ಹೋಗಿ ಹೇಳಿದರಾಯಿತು ಅಂದುಕೊಂಡಳು. ಅವತ್ತು ಮಗುವಿಗೆ ಜ್ವರ, ಮಾತು ಮರೆತೇಹೋಯಿತು.

ಮೂರು ವಾರದ ಮೇಲೆ ಕ್ಲಬ್ಬಿನವರು ಕ್ಯಾಮೆರಾದವನ ಸಮೇತ ಬೀಗದಂಗಡಿಗೆ ಬಂದಿಳಿದರು. ನಾಲ್ಕು ಸಾವಿರ ಚೀಟಿ ಬಂದಿದ್ದವಂತೆ. ಆರುನೂರು ಸಿಂಹ, ಐನೂರು ಹುಲಿ, ಹದ್ದುಗಳಿಗೆ ಲೆಕ್ಕವೇ ಇಲ್ಲ. ಕೊಕ್ಕರೆ ಒಂದೇ ಒಂದು. ಕೈಯಲ್ಲಿ ಅರ ಹಿಡಿದುಕೊಂಡು ಪಿಳಿಪಿಳಿ ಕಣ್ಣು ಬಿಡುತ್ತಿರುವ ಬೀಗದವನ ಫೋಟೋ ಮರುದಿನದ ಪೇಪರಿನಲ್ಲಿ ಬಂತು. ಹೇಗೆ ಹೊಳೆಯಿತು ಎಂದು ಅವರು ಕೇಳಿದ್ದಕ್ಕೆ, "ಏನೋ ಹೊಳೀತು," ಎಂದಿದ್ದ.

ಆ ಸಂಜೆ ಅವನು ಕೇಳಿದರೆ ಹೇಳಬೇಕು ಎಂದು ಅವಳು ಕಾದು ಕೂತಿದ್ದಳು. ಅವನು ಕೇಳಲಿಲ್ಲ. ತಾನಾಗಿ ಹೇಳಲು ಹೋದರೆ ಪೇಪರಿನಲ್ಲಿ ಬಂದ ಮುಖಕ್ಕೆ ಮಸಿ ಬಳಿದ ಹಾಗಾಗುತ್ತದೆ. ನಾಳೆ ಹೇಳೋಣ ಎಂದಳು. ಆ ನಾಳೆ ಬರಲೇ ಇಲ್ಲ.

* * *

ಹತ್ತು ಗಂಟೆಯ ಹೊತ್ತಿಗೆ ಮನೆ ತುಂಬಿತು. ಬಂದವರೆಲ್ಲ ಪೆಟ್ಟಿಗೆಯ ಬಳಿ ಸ್ವಲ್ಪ ನಿಂತು, ಅವಳ ಕೈ ಹಿಡಿದು, ಆಮೇಲೆ ಹೆಸರಿನ ಮಾತಿಗೇ ಬರುತ್ತಿದ್ದರು. ಊರಿಗೆ ಹೆಸರು ತಂದವರು ಹೋದರು ಎಂದರು. ಒಬ್ಬ ಮುದುಕ ಮೊದಲ ವರ್ಷದ ಕತೆ ತೆಗೆದ. ತಂಡ ಸಾಲಾಗಿ ಹನ್ನೊಂದು ಪಂದ್ಯ ಸೋತಿತ್ತು. ಎದುರಾಳಿಗಳ ಕಡೆಯವರು ಕೊಕ್ಕರೆಗೆ ಊಟ ಎಂದು ಅಂಕಣದೊಳಕ್ಕೆ ಮೀನು ಎಸೆಯುತ್ತಿದ್ದರು. ಆಟಗಾರರಿಗೆ ಸಿಕ್ಕಷ್ಟೇ ಬೈಗುಳ ಬೀಗದವನಿಗೂ ಸಿಕ್ಕಿತ್ತು. ಸಿಂಹ ಗಿಂಹ ಏನೂ ಸಿಗಲಿಲ್ಲವೇನಯ್ಯಾ ಎಂದು ಜನ ಅಂಗಡಿಯ ಮುಂದೆ ನಿಂತು ಕೇಳುತ್ತಿದ್ದರು. ಈ ಮುದುಕನೂ ಕೇಳಿದ್ದನಂತೆ.

"ಅದಕ್ಕೆ ಅವರು ಏನಂದ್ರು?" ಎಂದು ಅವಳು ಕೇಳಿದಳು.

"ಏನೂ ಅನ್ಲಿಲ್ಲ ತಾಯಿ. ತಲೆ ಬಗ್ಗಿಸ್ಕೊಂಡು ನನ್ನ ಕೀಲಿ ಉಜ್ತಾ ಇದ್ರು. ಏಳನೇ ವರ್ಷ ಕಪ್ ಗೆದ್ದಾಗ ನಾನೇ ಹೋಗಿ ತಪ್ಪಾಯ್ತು ಅಂದೆ. ಆಗ್ಲೂ ಏನೂ ಅನ್ಲಿಲ್ಲ."

ಬೈಗುಳ ಅವನದಲ್ಲ, ಹೊಗಳಿಕೆಯೂ ಅವನದಲ್ಲ, ಎರಡನ್ನೂ ಹೊತ್ತುಕೊಂಡು ಓಡಾಡಿದ ಮನುಷ್ಯ. ಅವಳ ಭಯ ಇಷ್ಟೇ: ಅವನು ಬರೆದದ್ದು ಸಿಂಹ, ಗೆದ್ದದ್ದು ಕೊಕ್ಕರೆ. ಹಾಗಾದರೆ ಇದು ಬೇರೆ ಯಾರದೋ ಹೆಸರು, ಕ್ಲಬ್ಬಿನವರು ಚೀಟಿ ಅದಲುಬದಲು ಮಾಡಿದ್ದಾರೆ, ನಿಜವಾದವನು ಇವತ್ತಲ್ಲ ನಾಳೆ ಬಾಗಿಲು ತಟ್ಟುತ್ತಾನೆ ಎಂದು ನಂಬಿಕೊಂಡೇ ಅವನು ಬದುಕು ಮುಗಿಸಿದನೇ? ಬೇರೆಯವರ ಒಂದು ಮೊಳೆಯನ್ನೂ ಮನೆಗೆ ತಾರದವನು ತಾನು ಕಳ್ಳ ಅಂದುಕೊಂಡೇ ಸತ್ತನೇ? ಹಾಗಾಗಿದ್ದರೆ ಅದನ್ನು ಮಾಡಿದವಳು ಅವಳು.

ಛತ್ರಿಯವನು ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದ. ಅವಳು ಅವನನ್ನು ಅಡುಗೆಮನೆಗೆ ಕರೆದಳು.

"ಆ ಹೆಸರಿನ ವಿಷಯ ನಿನ್ನ ಹತ್ರ ಯಾವತ್ತಾದ್ರೂ ಬಿಚ್ಚಿ ಹೇಳಿದ್ರಾ?"

ಛತ್ರಿಯವನು ಯೋಚಿಸಿದ. ಹಲಗೆ ಕಿತ್ತ ಸಂದಿಯಲ್ಲಿ ಅವರಿಬ್ಬರೂ ಆಡದ ಮಾತಿರಲಿಲ್ಲ. ಹಲ್ಲುನೋವಿನಿಂದ ಹಿಡಿದು ಸೊಸೆ ಮಾಡುವ ಚಹಾದವರೆಗೆ. ಇದೊಂದನ್ನು ಬಿಟ್ಟು.

"ಇಲ್ಲ ಅತ್ತಿಗೆ. ಆ ಮಾತು ತೆಗೆದ್ರೆ, ಕೆಲ್ಸ ಇದೆ ಕಣೋ ಅಂತ ಎದ್ದುಬಿಡ್ತಿದ್ದ. ಯಾಕೆ?"

ಏನಿಲ್ಲ ಎಂದಳು. ಅಲ್ಲಿಗೆ ಇದ್ದ ಒಂದು ದಾರಿಯೂ ಮುಚ್ಚಿತು. ನಲ್ಲಿ ತಿರುಗಿಸಿ, ತೊಳೆದ ಲೋಟಗಳನ್ನೇ ಸುಮ್ಮನೆ ಮತ್ತೆ ತೊಳೆದಳು.

* * *

ಪ್ರತಿ ವರ್ಷ ಮೊದಲ ಪಂದ್ಯಕ್ಕೆ ಕ್ಲಬ್ಬಿನಿಂದ ಪತ್ರ ಬರುತ್ತಿತ್ತು. ಹೆಸರಿಟ್ಟವರು ಬಂದು ಮೊದಲ ಚೆಂಡು ಎಸೆಯಬೇಕು, ಜೊತೆಗೆ ಮನೆಯವರೊಬ್ಬರು ಬರಬಹುದು. ಬೀಗದವನು ಅವತ್ತು ಅಂಗಡಿಯನ್ನು ನಾಲ್ಕಕ್ಕೇ ಮುಚ್ಚಿ ಬರುತ್ತಿದ್ದ, ಉಗುರಿನ ಸಂದಿಯ ಎಣ್ಣೆ ಕರೆಯನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದ, ಬೂದು ಕೋಟು ಹಾಕಿಕೊಳ್ಳುತ್ತಿದ್ದ. ಆಮೇಲೆ ಬಾಗಿಲಿಗೆ ಬಂದು ಕೇಳುತ್ತಿದ್ದ.

"ಬರ್ತೀಯಾ?"

ಪಾಳಿ ಇದೆ ಎನ್ನುತ್ತಿದ್ದಳು. ಪಾಳಿ ಇಲ್ಲದ ವರ್ಷ ಮಗನಿಗೆ ಪರೀಕ್ಷೆ. ನಿವೃತ್ತಿಯಾದ ಮೇಲೆ, ಆ ಗದ್ದಲ ನನಗಾಗಲ್ಲ ಎಂದಳು. ನಿಜ ಹೇಳಬೇಕೆಂದರೆ, ಸಾವಿರಾರು ಜನರ ಮುಂದೆ ಅವನು ಮೈಕು ಹಿಡಿದು 'ಏನೋ ಹೊಳೀತು' ಎನ್ನುವುದನ್ನು ಕೂತು ನೋಡುವ ಧೈರ್ಯ ಅವಳಿಗಿರಲಿಲ್ಲ. ಆ ಸ್ಟೇಡಿಯಂ ಇದ್ದ ರಸ್ತೆಯನ್ನೇ ಬಿಟ್ಟು, ಸಂತೆಗೆ ಹೋಗಲು ಸುತ್ತುದಾರಿ ಹಿಡಿಯುತ್ತಿದ್ದಳು.

ಒಂದು ವರ್ಷ, ಅವನಿಗೆ ಅರವತ್ತಾದಾಗ, ಅವನು ಬಾಗಿಲಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತ. "ಒಂದ್ಸಲ ಬಾ. ನೀನು ನೋಡೋ ಅಂಥದ್ದು ಒಂದಿದೆ ಅಲ್ಲಿ," ಎಂದ. ಉದ್ದುದ್ದ ಹುಡುಗರು ಚೆಂಡು ಹಿಡಿದು ಓಡುವುದರಲ್ಲಿ ನೋಡುವುದೇನಿದೆ ಎಂದು ಅವಳು ಬಾಯಿಮುಚ್ಚಿಸಿದಳು. ಅವನು ನಕ್ಕು ಹೋದ. ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಮುಂದಿನ ವರ್ಷ ಮತ್ತೆ ಕೇಳಿದ.

* * *

ಮಧ್ಯಾಹ್ನ ಕ್ಲಬ್ಬಿನವರು ಬಂದರು. ಮುಂದೆ ಮೈಕಿನವನು, ಅಂದರೆ ಸ್ಟೇಡಿಯಂನಲ್ಲಿ ಆಟಗಾರರ ಹೆಸರು ಕೂಗಿ ಕೂಗಿ ಗಂಟಲು ಒಡೆದುಕೊಂಡ ಮುದುಕ. ಅವನ ಹಿಂದೆ ಈಗಿನ ತಂಡದ ಆರು ಜನ. ಬಾಗಿಲಲ್ಲಿ ಒಬ್ಬೊಬ್ಬರೇ ತಲೆ ಬಗ್ಗಿಸಿ ಒಳಗೆ ಬಂದರು. ಕೂರಲು ಹೇಳಿದರೆ ಕುರ್ಚಿಗಳು ಸಾಲಲಿಲ್ಲ, ಇದ್ದವೂ ಅವರಿಗೆ ಚಿಕ್ಕವಾಗಿದ್ದವು. ಕಾಲು ಎಲ್ಲಿಡಬೇಕೆಂದು ತಿಳಿಯದೆ ಗೋಡೆಗೆ ಒರಗಿ ನಿಂತರು.

ಮೈಕಿನವನ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಚೌಕಟ್ಟೊಂದಿತ್ತು. ಪೆಟ್ಟಿಗೆಯ ಪಕ್ಕ ನಿಂತು ಬಿಚ್ಚಿದ.

"ಇದನ್ನ ಅವರ ಎದೆ ಮೇಲೆ ಇಟ್ಟು ಕಳಿಸೋಣ ಅಂತ ತಂದ್ವಿ. ಕಮಿಟಿಯವರು ಒಪ್ಪಿದ್ದಾರೆ."

ಗಾಜಿನ ಹಿಂದೆ ಹಳದಿ ತಿರುಗಿದ ಒಂದು ಚೀಟಿ. ದುಂಡಗೆ, ನೇರವಾಗಿ, ನೀರಿನ ಮಟ್ಟದ ಪುಸ್ತಕದಲ್ಲಿ ಗಂಟೆಗೊಮ್ಮೆ ಬರೆದು ಬರೆದು ಪಳಗಿದ ಕೈಯ ಅಕ್ಷರ. ಕೊಕ್ಕರೆಗಳು. ಓಡುವುದು ಎಲ್ಲರಿಗೂ ಬರುತ್ತದೆ.

ಹೆಸರು ಆರಿಸಿದ ಮೇಲೆ ಚೀಟಿಗಳನ್ನೆಲ್ಲ ರದ್ದಿಗೆ ಹಾಕಿರುತ್ತಾರೆ ಎಂದೇ ಅವಳು ತಿಳಿದಿದ್ದಳು. ಕಾಗದವೊಂದನ್ನು ಯಾರಾದರೂ ಗಾಜು ಹಾಕಿಸಿ ಇಟ್ಟುಕೊಂಡಾರು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಛತ್ರಿಯವನು ಬಗ್ಗಿ ನೋಡಿದ. ಬೀಗದವನು ಬರೆದ ರಸೀದಿಗಳನ್ನು ಐವತ್ತು ವರ್ಷ ಓದಲು ಒದ್ದಾಡಿದವನು ಅವನು. ಚೀಟಿಯಿಂದ ಕಣ್ಣೆತ್ತಿ ಅವಳ ಮುಖ ನೋಡಿದ. ಮಗನೂ ನೋಡಿದ. ಶಾಲೆಯ ಪುಸ್ತಕಗಳ ಮೇಲೆ ಅವನ ಹೆಸರು ಬರೆದುಕೊಟ್ಟದ್ದು ಅದೇ ಅಕ್ಷರ.

"ಇದು ಎಲ್ಲಿತ್ತು?" ಎಂದು ಅವಳು ಮೈಕಿನವನನ್ನು ಕೇಳಿದಳು.

"ನಮ್ಮ ಕಾರಿಡಾರಿನಲ್ಲಿ, ಮೊದಲ್ನೇ ಪಂದ್ಯದ ದಿನದಿಂದ. ಮೊಳೆ ಹೊಡೆದದ್ದೇ ನಾನು. ಇವರು ಪಕ್ಕದಲ್ಲೇ ನಿಂತಿದ್ರು. ಇದನ್ನ ಹತ್ರ ಬಗ್ಗಿ ಓದಿದ್ರು. ಆಮೇಲೆ ನಗೋಕೆ ಶುರು ಮಾಡಿದ್ರು ನೋಡಿ, ಕಣ್ಣಲ್ಲಿ ನೀರು ಬರೋ ತನಕ ನಕ್ಕರು."

"ಮೊದಲ್ನೇ ದಿನಾನೇ?"

"ಹೂಂ. ಅವತ್ತಿಂದ ಇದೇ ಕತೆ. ಪಂದ್ಯ ಶುರುವಾಗೋಕೆ ಮುಂಚೆ ಇದರ ಮುಂದೆ ಬಂದು ನಿಲ್ಬೇಕು. ಹೊಸ ಹುಡುಗರು ಯಾರೇ ಸೇರಿದ್ರೂ ಕರ್ಕೊಂಡು ಬಂದು ತೋರಿಸ್ಬೇಕು. ಅಕ್ಷರ ನೋಡ್ರೋ, ಮುತ್ತು ಪೋಣಿಸಿದ ಹಾಗಿದೆ, ಅನ್ನೋರು. ಎಂಥ ತಲೆ ನೋಡ್ರೋ ಅನ್ನೋರು. ತನ್ನನ್ನ ತಾನೇ ಹಿಂಗೆ ಹೊಗಳ್ಕೊಳ್ಳೋ ಮನುಷ್ಯನ್ನ ನಾವು ನೋಡೇ ಇಲ್ಲ ಅಂತ ತಮಾಷೆ ಮಾಡ್ತಿದ್ವಿ. ಅವರೂ ನಗೋರು."

ಗೋಡೆಗೆ ಒರಗಿದ್ದ ಆಟಗಾರರಲ್ಲಿ ಇಬ್ಬರು ತಲೆಯಾಡಿಸಿದರು. ಅವರನ್ನೂ ಕರೆದುಕೊಂಡು ಹೋಗಿ ತೋರಿಸಿದ್ದನಂತೆ.

ಅವಳು ಅಲ್ಲೇ ಕುರ್ಚಿಯ ಮೇಲೆ ಕೂತಳು. ಅವನಿಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ಕಳ್ಳನ ಹಾಗೆ ಒಂದು ದಿನವೂ ಬದುಕಿರಲಿಲ್ಲ. ಅವಳಾಗಿ ಹೇಳುವ ತನಕ ಆ ಮಾತು ಅವಳದೇ ಎಂದು ಬಿಟ್ಟು, ಬೈಗುಳವನ್ನೆಲ್ಲ ತಾನು ತಿಂದು, ಹೊಗಳಿಕೆಯನ್ನು ಒಯ್ದು ಆ ಗಾಜಿನ ಮುಂದೆ ಇಟ್ಟು ಬರುತ್ತಿದ್ದ. ಬೆಳಗಿನಿಂದ ಒಂದು ಹನಿಯೂ ಬಾರದಿದ್ದ ಕಣ್ಣು ಈಗ ಸುರಿಯತೊಡಗಿತು. ಸೊಸೆ ಓಡಿಬಂದು ಭುಜ ಹಿಡಿದಳು.

"ಅಮ್ಮ, ಇದು ನೀನು..." ಎಂದ ಮಗ.

"ಹೂಂ, ನಾನೇ ಬರೆದದ್ದು," ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಹೆಸರೂ ನನ್ನದೇ. ವರ್ಷಾ ವರ್ಷಾ ಬಾ ಬಾ ಅಂತ ಕರೀತಿದ್ರಲ್ಲ, ಇದನ್ನ ತೋರಿಸೋಕೆ ಕರೀತಿದ್ರು. ನಲವತ್ತೊಂದು ಸಲ ಕರೆದ್ರು ಕಣೋ. ನಾನು ಒಂದ್ಸಲಾನೂ ಹೋಗ್ಲಿಲ್ಲ."

ಜೀವಮಾನವಿಡೀ ಕೂಗಿಕೊಂಡೇ ಬದುಕಿದ ಮೈಕಿನವನು ಚೌಕಟ್ಟನ್ನು ಎದೆಗೆ ಅವಚಿಕೊಂಡು ಒಮ್ಮೆ ಪೆಟ್ಟಿಗೆಯನ್ನೂ ಒಮ್ಮೆ ಅವಳನ್ನೂ ನೋಡಿದ. ಕೊನೆಗೆ, ಇದನ್ನು ಈಗ ಏನು ಮಾಡಲಿ ಎಂದು ಮೆಲ್ಲಗೆ ಕೇಳಿದ.

"ಮಣ್ಣಿಗೆ ಹಾಕ್ಬೇಡಿ," ಎಂದಳು ಕಣ್ಣೊರೆಸಿಕೊಂಡು. "ಇದ್ದ ಜಾಗದಲ್ಲೇ ಇರ್ಲಿ."

ಹೊರಡುವ ಹೊತ್ತಾಯಿತು. ಪೆಟ್ಟಿಗೆ ಹೊರಲು ಬಂಧುಗಳಲ್ಲಿ ನಾಲ್ಕು ಜನರನ್ನು ಮೊದಲೇ ಗೊತ್ತು ಮಾಡಿದ್ದರು. ಆಟಗಾರರು ತಾವು ಹೊರುತ್ತೇವೆ ಎಂದು ಕೇಳಿದಾಗ ಮಗ ಒಪ್ಪಿದ. ಬಾಗಿಲು ದಾಟುವವರೆಗೆ ಕೈಯಲ್ಲಿ ಹಿಡಿದು, ಅಂಗಳದಲ್ಲಿ ಆರೂ ಜನ ಒಟ್ಟಿಗೆ ಹೆಗಲಿಗೆ ಏರಿಸಿದರು. ಪೆಟ್ಟಿಗೆ ಬೀದಿಯ ಜನರ ತಲೆಗಳಿಗಿಂತ ಎಷ್ಟೋ ಮೇಲಕ್ಕೆ ಹೋಯಿತು. ಬೀಗದವನು ಕುಳ್ಳ, ಬದುಕಿದ್ದಾಗ ಅಷ್ಟು ಎತ್ತರದಿಂದ ಬೀದಿಯನ್ನು ಎಂದೂ ಕಂಡಿರಲಿಲ್ಲ.

ಕಾರು ನಿಂತಿದೆ, ನೀನು ಅದರಲ್ಲಿ ಬಾ ಎಂದು ಮಗ ಅವಳ ತೋಳು ಹಿಡಿದ. ಅವಳು ಬಿಡಿಸಿಕೊಂಡಳು. ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋಗಿ, ಹೊತ್ತವರ ಪಕ್ಕದಲ್ಲಿ ನಿಂತು, ಪೆಟ್ಟಿಗೆ ಮುಟ್ಟಲೆಂದು ಕೈ ಚಾಚಿದಳು. ಎಟುಕಲಿಲ್ಲ. ತುದಿಗಾಲಲ್ಲಿ ನಿಂತರೂ ಬೆರಳಿಗೂ ಮರಕ್ಕೂ ನಡುವೆ ಒಂದು ಗೇಣು ಉಳಿಯಿತು.

ಮುಂದೆ ಹೊತ್ತಿದ್ದ ಎಲ್ಲರಿಗಿಂತ ಉದ್ದದ ಹುಡುಗ ಕೆಳಗೆ ನೋಡಿದ. ಹಿಂದಿನವರಿಗೆ ಏನೋ ಹೇಳಿದ. ಆರೂ ಜನ ಒಟ್ಟಿಗೆ ಮಂಡಿ ಬಗ್ಗಿಸಿದರು. ಪೆಟ್ಟಿಗೆ ನಿಧಾನವಾಗಿ ಇಳಿದು ಅವಳ ಅಂಗೈಗೆ ಬಂದು ನಿಂತಿತು. ಅವಳು ಕೈ ಇಟ್ಟುಕೊಂಡು ನಡೆಯತೊಡಗಿದಳು. ಅವಳ ಹೆಜ್ಜೆ ಚಿಕ್ಕದು, ಅವರೂ ಚಿಕ್ಕ ಹೆಜ್ಜೆಯನ್ನೇ ಇಟ್ಟರು. ಬೀದಿಯ ಕೊನೆ ದಾಟಿ, ಸ್ಟೇಡಿಯಂ ರಸ್ತೆಗೆ ಹೊರಳಿ, ಅದರ ಉದ್ದಕ್ಕೂ ಒಬ್ಬನೂ ಮಂಡಿ ನೇರ ಮಾಡಲಿಲ್ಲ.